ಮೊಮ್ಮಕ್ಕಳ ಕೈಹಿಡಿದು ಬೆಟ್ಟದ ಹಾದಿಯಲ್ಲಿ

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಮಾತನ್ನು ನಾವೆಲ್ಲರೂ ಬಲ್ಲೆವು. ದೂರದಿಂದ ನೋಡಿ ಮರುಳಾಗಬೇಡ, ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತವೆ ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಇಂದಿನ ಮಕ್ಕಳ ವಿಷಯದಲ್ಲಿ ಈ ಗಾದೆಯು ಬೇರೊಂದು ಅರ್ಥವನ್ನು ಪಡೆದುಕೊಂಡಿದೆ. ಅವರಿಗೆ ಬೆಟ್ಟವು ಸದಾ ದೂರದ್ದೇ ಆಗಿದೆ. ವಾಹನದ ಗಾಜಿನಾಚೆ, ದೂರದರ್ಶನದ ತೆರೆಯ ಮೇಲೆ, ಕೈಯಲ್ಲಿನ ಮೊಬೈಲಿನೊಳಗೆ ಅದು ನುಣ್ಣಗೆ ಹೊಳೆಯುವ ಒಂದು ಚಿತ್ರ ಮಾತ್ರ. ಅಂಗಾಲಿಗೆ ಕಲ್ಲು ಒತ್ತಿದ ಅನುಭವ, ಏರು ಹತ್ತಿ ಏದುಸಿರು ಬಿಟ್ಟ ಅನುಭವ, ಬಂಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದ ಅನುಭವ ಅನೇಕ ಮಕ್ಕಳಿಗೆ ಒದಗಿಯೇ ಇಲ್ಲ. ಈ ನುಣ್ಣನೆಯ ಬೆಟ್ಟವನ್ನು ನಿಜವಾದ ಬೆಟ್ಟವನ್ನಾಗಿ ಮಾಡಿ ಮಕ್ಕಳಿಗೆ ತೋರಿಸಬಲ್ಲವರು ಮನೆಯಲ್ಲಿ ಯಾರು? ಅಜ್ಜ-ಅಜ್ಜಿಯರೇ ಎಂಬುದು ಈ ಲೇಖನದ ಆಶಯ.

ನಡಿಗೆಯ ಪರಂಪರೆ

ನಮ್ಮ ಹಿರಿಯರು ನಡಿಗೆಯ ಜನ. 'ಚಾರಣ' ಎಂಬ ಮಾತು ಇಂದು ಬಳಕೆಗೆ ಬಂದಿದೆಯಾದರೂ ಆ ಹೆಸರಿಲ್ಲದೆಯೇ ಅವರು ಬೆಟ್ಟಗುಡ್ಡಗಳನ್ನು ದಾಟಿದರು. ಯುಗಾದಿಯ ಜಾತ್ರೆಗಾಗಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವ ಪದ್ಧತಿ ಇಂದಿಗೂ ನಿಂತಿಲ್ಲ. ಆತ್ಮಕೂರಿನಿಂದ ಮುಂದೆ ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಮಾರ್ಗವಾಗಿ ನಲ್ಲಮಲದ ಕಾಡನ್ನು ಹಾದು ಕೈಲಾಸದ್ವಾರವನ್ನು ತಲುಪುವ ಆ ದಾರಿಯು ಯಾವ ಪರ್ವತಾರೋಹಣಕ್ಕೂ ಕಡಿಮೆಯಾದುದಲ್ಲ. ಅಂತೆಯೇ ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ ಸೀಮೆಯ ಕುಟುಂಬಗಳು ಚಕ್ಕಡಿ ಹೂಡಿಕೊಂಡು, ಜೋಯಿಡಾ ತಾಲ್ಲೂಕಿನ ದಟ್ಟ ಅಡವಿಯ ನಡುವಿರುವ ಉಳವಿಗೆ, ಚೆನ್ನಬಸವಣ್ಣನವರ ಐಕ್ಯಸ್ಥಳಕ್ಕೆ, ದಿನಗಟ್ಟಲೆ ಪ್ರಯಾಣ ಮಾಡುತ್ತವೆ.

ಈ ಪ್ರಯಾಣಗಳಲ್ಲಿ ಮಕ್ಕಳು ಹಿರಿಯರ ಜೊತೆಗೇ ಇರುತ್ತಿದ್ದರು. ಎಲ್ಲಿ ನೀರು ಸಿಗುತ್ತದೆ, ಯಾವ ಮರದ ಕೆಳಗೆ ತಂಗಬೇಕು, ಎತ್ತಿಗೆ ಯಾವ ಹೊತ್ತಿನಲ್ಲಿ ವಿಶ್ರಾಂತಿ ಕೊಡಬೇಕು, ಮೋಡ ಯಾವ ದಿಕ್ಕಿಗೆ ಕಟ್ಟಿದರೆ ಮಳೆ ಬರುತ್ತದೆ ಎಂಬುದನ್ನು ಯಾರೂ ಪಾಠವೆಂದು ಹೇಳಿಕೊಡಲಿಲ್ಲ. ನಡೆಯುತ್ತ ನಡೆಯುತ್ತ ಅದು ಮಗುವಿನ ಮೈಗೆ ಹತ್ತುತ್ತಿತ್ತು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ಅಕ್ಕಮಹಾದೇವಿಯನ್ನು ನೆನೆಯುವ ಮನೆಗಳಲ್ಲಿ, ಹಕ್ಕಿಗಳೊಡನೆ ದುಂಬಿಗಳೊಡನೆ ಮಾತನಾಡುವ ಆಕೆಯ ವಚನಗಳನ್ನು ಹಾಡುವ ಮನೆಗಳಲ್ಲಿ, ಮಕ್ಕಳು ಹತ್ತು ಹಕ್ಕಿಗಳ ಹೆಸರನ್ನೂ ಅರಿಯದೆ ಬೆಳೆಯುವುದು ವಿಷಾದದ ಸಂಗತಿಯಲ್ಲವೇ?

ಅಜ್ಜ-ಅಜ್ಜಿಯರೇ ಏಕೆ?

ತಂದೆ-ತಾಯಿಗಳು ಈ ಕೆಲಸವನ್ನು ಮಾಡಲಾರರೆಂದಲ್ಲ. ಆದರೆ ಅವರಿಗೆ ಉದ್ಯೋಗದ ಒತ್ತಡವಿದೆ. ರಜೆಯ ದಿನವೂ ಗಡಿಯಾರದ ಮುಳ್ಳಿಗೆ ಕಟ್ಟಿಹಾಕಲ್ಪಟ್ಟಿರುತ್ತದೆ. ಬೆಟ್ಟಕ್ಕೆ ಹೋದರೂ ಬೇಗ ಹತ್ತಿ, ಛಾಯಾಚಿತ್ರ ತೆಗೆದು, ಬೇಗ ಇಳಿಯುವ ಅವಸರ ಅವರದು. ಅಜ್ಜನ ನಡಿಗೆ ನಿಧಾನವಾದದ್ದು. ಐದು ವರ್ಷದ ಮಗುವಿನ ನಡಿಗೆಯೂ ನಿಧಾನವಾದದ್ದೇ. ಮಂಡಿನೋವಿಗಾಗಿ ಅಜ್ಜಿ ಬಂಡೆಯ ಮೇಲೆ ಕುಳಿತಾಗ ಮಗುವು ಅಲ್ಲಿಯೇ ಇರುವೆಗಳ ಸಾಲನ್ನು ಕಂಡು ಕುಕ್ಕರುಗಾಲಿನಲ್ಲಿ ಕೂರುತ್ತದೆ. ಇಬ್ಬರಿಗೂ ಶಿಖರದ ಹಂಬಲಕ್ಕಿಂತ ದಾರಿಯ ಸುಖವೇ ಹೆಚ್ಚು. ಈ ಸಮಾನತೆಯು ನಡುವಯಸ್ಸಿನವರಿಗೆ ದೊರಕುವಂಥದಲ್ಲ.

ಇನ್ನೊಂದು ಕಾರಣ ಇದಕ್ಕಿಂತಲೂ ಮುಖ್ಯವಾದುದು. ಗಿಡಮರಗಳ, ಹಕ್ಕಿಗಳ, ಹುಳುಗಳ, ಮಣ್ಣಿನ ಬಗೆಗಳ ಕನ್ನಡದ ಹೆಸರುಗಳು ಇಂದು ಹೆಚ್ಚಾಗಿ ಉಳಿದಿರುವುದು ಅರವತ್ತು ದಾಟಿದವರ ನಾಲಗೆಯ ಮೇಲೆ. ಕಕ್ಕೆ, ಮುತ್ತುಗ, ತಂಗಡಿ, ಕವಳಿ, ಲಕ್ಕಿ, ಕಾಜಾಣ, ಪಿಕಳಾರ, ಗೀಜಗ ಇವು ಶಾಲೆಯ ಪುಸ್ತಕದಲ್ಲಿ ಒಂದೊಮ್ಮೆ ಅಚ್ಚಾಗಿದ್ದರೂ, 'ಇದೇ ನೋಡು' ಎಂದು ಬೆರಳು ಮಾಡಿ ತೋರಿಸುವವರು ಬೇಕು. ವಸ್ತುವನ್ನು ಕಾಣದೆ ಕಲಿತ ಹೆಸರು ನಿಲ್ಲುವುದಿಲ್ಲ. ಹೆಸರು ತಿಳಿಯದೆ ಕಂಡ ವಸ್ತುವೂ ಬೇಗನೆ ಮರೆತುಹೋಗುತ್ತದೆ. ಎರಡನ್ನೂ ಒಂದೆಡೆ ತರುವ ತಲೆಮಾರು ಹಿರಿಯರದು. ಅವರು ಮನೆಯ ಹೊಸ್ತಿಲಿನೊಳಗೇ ಉಳಿದುಬಿಟ್ಟರೆ ಆ ಹೆಸರುಗಳು ಅವರೊಡನೆಯೇ ಹೋಗುತ್ತವೆ.

ಕಾಲಾವಕಾಶವೂ ಅಲ್ಪವೆಂಬುದನ್ನು ಮರೆಯಬಾರದು. ಮಗುವಿಗೆ ಐದು ವರ್ಷ ತುಂಬಿದ ಮೇಲೆ ನಡಿಗೆಯ ಶಕ್ತಿ ಬರುತ್ತದೆ. ಹದಿನಾಲ್ಕು-ಹದಿನೈದು ದಾಟಿದರೆ ಪರೀಕ್ಷೆಗಳ ಚಿಂತೆ, ಗೆಳೆಯರ ಬಳಗ ಅದನ್ನು ಸೆಳೆದುಕೊಳ್ಳುತ್ತದೆ. ಅತ್ತ ಅಜ್ಜನ ಮೊಣಕಾಲು ಎಷ್ಟು ವರ್ಷ ಮಾತು ಕೇಳೀತು? ಈ ಎರಡು ಅವಧಿಗಳು ಒಂದರೊಡನೊಂದು ಕೂಡುವ ವರ್ಷಗಳು ಎಂಟೋ ಹತ್ತೋ ಮಾತ್ರ. ನೀಲಕುರಿಂಜಿಯ ನಿದರ್ಶನವನ್ನೇ ನೋಡಿರಿ. ಹನ್ನೆರಡು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೀಲಿಯಾಗುವಂತೆ ಅರಳುವ ಈ ಹೂ ಕೇರಳದ ಮುನ್ನಾರಿನ ಬೆಟ್ಟಗಳಲ್ಲಿ 2006ರಲ್ಲಿ ಅರಳಿತು, ಮತ್ತೆ 2018ರಲ್ಲಿ ಅರಳಿತು. ಇನ್ನು ಅರಳಬೇಕಾದದ್ದು 2030ರಲ್ಲಿ. ಮಗುವಿನ ಪಾಲಿಗೆ ಇಂಥ ಹೂಬಿಡುವ ವರ್ಷಗಳು ಇನ್ನೂ ಐದಾರು ಉಂಟು. ಅಜ್ಜನ ಪಾಲಿಗೆ ಒಂದು ಸಿಕ್ಕರೆ ಅದೇ ಭಾಗ್ಯ. ಅದನ್ನು ಇಬ್ಬರೂ ಜೊತೆಯಾಗಿ ನೋಡಬೇಕೆಂದರೆ ಇಂದೇ ನಡಿಗೆಯನ್ನು ರೂಢಿಸಿಕೊಳ್ಳಬೇಕು.

ಕಪ್ಪತಗುಡ್ಡದ ಪಾಠ

ಬೆಟ್ಟವೆಂದೊಡನೆ ಹಿಮಾಲಯವನ್ನೋ ಕೊಡಗನ್ನೋ ನೆನೆಯಬೇಕಾಗಿಲ್ಲ. ಬಯಲುಸೀಮೆಯ ಮನೆತನಗಳಿಗೆ ಕಪ್ಪತಗುಡ್ಡಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಸಾಲು ಗುಡ್ಡಗಳನ್ನು ಜನರು ಉತ್ತರ ಕರ್ನಾಟಕದ ಸಹ್ಯಾದ್ರಿಯೆಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಬೋಳಾಗಿ ಕಂದುಬಣ್ಣ ತಳೆಯುವ ಗುಡ್ಡವು ಮುಂಗಾರಿನ ಎರಡು ಹದ ಮಳೆಗೆ ಹಸಿರುಡುವುದನ್ನು ಒಮ್ಮೆ ಕಂಡ ಮಗುವು ಋತುಚಕ್ರವೆಂದರೇನೆಂದು ಮತ್ತೆ ಕೇಳುವುದಿಲ್ಲ. ಆದುದರಿಂದ ಒಂದೇ ಗುಡ್ಡಕ್ಕೆ ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಕರೆದೊಯ್ಯುವುದು ಎರಡು ಬೇರೆ ಊರು ತೋರಿಸುವುದಕ್ಕಿಂತ ಮೇಲು.

ಅಲ್ಲಿನ ಕೆಂಪು ಮಣ್ಣನ್ನು ಕೈಯಲ್ಲಿ ಹಿಡಿಸಿರಿ. ಕಬ್ಬಿಣದ ಅಂಶವೇ ಆ ಕೆಂಪಿಗೆ ಕಾರಣವೆಂದು ಹೇಳಿರಿ. ಮನೆಯ ಹಳೆಯ ಸಲಿಕೆಗೆ ಹಿಡಿದ ತುಕ್ಕಿನ ಬಣ್ಣವನ್ನು ನೆನಪಿಸಿದರೆ ಮಗುವಿಗೆ ಕೂಡಲೇ ಅರ್ಥವಾಗುತ್ತದೆ. ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದಲೇ ಗುರುತಿಸುವ ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಮುತ್ತಜ್ಜನ ಕಾಲವನ್ನೇ ಬಹಳ ಹಿಂದಿನದೆಂದು ತಿಳಿದಿರುವ ಮಗುವು ಈ ಸಂಖ್ಯೆಯನ್ನು ಕೇಳಿ ಕಣ್ಣರಳಿಸುವುದನ್ನು ನೋಡಬೇಕು.

ಇನ್ನು ಸಸ್ಯಗಳ ಮಾತು. ಔಷಧಿ ಸಸ್ಯಗಳಿಗೆ ಕಪ್ಪತಗುಡ್ಡವು ಹೆಸರುವಾಸಿ. ಮನೆಯ ಪೂಜೆಗೆ ಅಂಗಡಿಯಿಂದ ಕಟ್ಟುಕಟ್ಟಾಗಿ ಬರುವ ಪತ್ರೆಯು ಬಿಲ್ವದ ಮರವೊಂದರದೆಂದು, ಆ ಮರಕ್ಕೆ ಮುಳ್ಳಿದೆಯೆಂದು, ಗಟ್ಟಿ ಓಡಿನ ಕಾಯಿ ಬಿಡುತ್ತದೆಯೆಂದು ಎಷ್ಟು ಮಕ್ಕಳಿಗೆ ಗೊತ್ತು? ಎಲೆ ಊಟದ ಪತ್ರಾವಳಿಗೆ ಎಲೆ ಕೊಟ್ಟ ಮುತ್ತುಗವು ಶಿವರಾತ್ರಿ-ಹೋಳಿಗಳ ಸುಮಾರಿಗೆ ಎಲೆಯುದುರಿಸಿ ಕೆಂಡದಂಥ ಹೂ ತಾಳುವುದನ್ನು ತೋರಿಸಬೇಕು. ಗುಲಗಂಜಿಯ ಬಳ್ಳಿ ಕಂಡರೆ, ಅಕ್ಕಸಾಲಿಗರು ಹಿಂದೆ ಆ ಕಾಳಿನಿಂದ ಬಂಗಾರವನ್ನು ತೂಗುತ್ತಿದ್ದರೆಂದು ಅಜ್ಜಿ ತನ್ನ ಕೊರಳಿನ ಸರವನ್ನು ಮುಟ್ಟಿ ಹೇಳಬಹುದು. ಅದರೊಡನೆಯೇ, ಕೆಂಪು-ಕಪ್ಪಿನ ಆ ಚೆಲುವಾದ ಕಾಳು ಅಗಿದರೆ ಮಾರಕ ವಿಷವೆಂಬ ಎಚ್ಚರಿಕೆಯನ್ನೂ ತಪ್ಪದೆ ಹೇಳಬೇಕು. ಅರಿಯದ ಎಲೆ, ಕಾಯಿ, ಕಾಳು ಯಾವುದನ್ನೂ ಬಾಯಿಗೆ ಹಾಕಬಾರದೆಂಬುದು ಅಡವಿಯ ಮೊದಲ ನಿಯಮ.

ಮಧುನಾಶಿನಿಯ ಸಂಗತಿಯು ಮಕ್ಕಳಿಗೆ ಬಲು ಪ್ರಿಯವಾದುದು. ಇದರ ಎಲೆಯನ್ನು ಅಗಿದ ಬಳಿಕ ಸ್ವಲ್ಪ ಹೊತ್ತಿನವರೆಗೆ ಸಕ್ಕರೆಯು ಮರಳಿನಂತೆ ಸಪ್ಪೆಯಾಗಿ ತೋರುತ್ತದೆ. ಎಲೆಯಲ್ಲಿನ ಸತ್ತ್ವವು ನಾಲಗೆಯ ಸಿಹಿಯನ್ನು ಗ್ರಹಿಸುವ ಶಕ್ತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದೇ ಕಾರಣ. ಆದರೆ ಈ ಪ್ರಯೋಗವನ್ನು ಗುಡ್ಡದಲ್ಲಿ ಮಾಡಬಾರದು. ಕಪ್ಪತಗುಡ್ಡವು ಇಂದು ಅಭಯಾರಣ್ಯ. ಅಲ್ಲಿನ ಎಲೆಯೊಂದನ್ನೂ ಕೀಳುವಂತಿಲ್ಲ. ನಂಬಿಕೆಯ ಸಸ್ಯಾಲಯದಿಂದ ಒಂದು ಬಳ್ಳಿಯನ್ನು ತಂದು ಮನೆಯ ಕುಂಡದಲ್ಲಿ ಬೆಳೆಸಿ ಅಲ್ಲಿಯೇ ತೋರಿಸಿರಿ.

ಅಭಯಾರಣ್ಯವಾದ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. 2011ರಲ್ಲಿ ಈ ಸೀಮೆಯ ಹಳ್ಳಿಗುಡಿಯ ಬಳಿ ಭಾರಿ ಉಕ್ಕಿನ ಕಾರ್ಖಾನೆಯ ಯೋಜನೆ ಬಂದಾಗ ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳ ನೇತೃತ್ವದಲ್ಲಿ ರೈತರು ಚಳವಳಿ ಹೂಡಿದರು. ಯೋಜನೆಯು ಹಿಂದೆ ಸರಿಯಿತು. 2015ರಲ್ಲಿ ಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಮನ್ನಣೆ ದೊರೆಯಿತಾದರೂ 2016ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆಗ ಜನರು ಮತ್ತೆ ಬೀದಿಗಿಳಿದರು, ಸ್ವಾಮಿಗಳು ಮತ್ತೆ ಮುಂದಾದರು. 2017ರಲ್ಲಿ ಮನ್ನಣೆಯು ಮರಳಿತು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿ ಧಾಮವೆಂದು ಘೋಷಿತವಾಯಿತು. ತೋಳ, ಕತ್ತೆಕಿರುಬ, ನರಿ, ನವಿಲುಗಳಿಗೆ ಅಲ್ಲಿ ನೆಲೆ ದೊರೆತಿದೆ. ತಾನು ನಿಂತಿರುವ ಗುಡ್ಡವು ತಾನಾಗಿಯೇ ಉಳಿದುಬಂದದ್ದಲ್ಲ, ಹಿರಿಯರು ಹೋರಾಡಿ ಉಳಿಸಿದ್ದು ಎಂದರಿತ ಮಗುವು ಅಲ್ಲಿ ಪ್ಲಾಸ್ಟಿಕ್ ಚೀಲವನ್ನು ಎಸೆಯಲು ಖಂಡಿತ ಹಿಂಜರಿಯುತ್ತದೆ.

ವಯಸ್ಸಿಗೆ ತಕ್ಕ ಬೆಟ್ಟ

ಮೂರು-ನಾಲ್ಕು ವರ್ಷದ ಮಗುವಿಗೆ ಊರ ಹೊರಗಿನ ದಿಬ್ಬವೇ ಕೈಲಾಸ. ಬೆಂಗಳೂರಿನಲ್ಲಿರುವವರು ಲಾಲ್‌ಬಾಗಿನ ಬಂಡೆಯಿಂದ ಆರಂಭಿಸಬಹುದು. ಸುಮಾರು 300 ಕೋಟಿ ವರ್ಷ ಹಳೆಯದೆಂದು ಗಣಿಸಲಾದ ಆ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಕೈಹಿಡಿದು ಹತ್ತಿಸಿ, ತುದಿಯಲ್ಲಿ ಕೂರಿಸಿ, ಒಂದು ಬಾಳೆಹಣ್ಣು ಕೊಟ್ಟು ಇಳಿಸಿದರೆ ಅಂದಿನ ಯಾತ್ರೆ ಸಂಪೂರ್ಣ.

ಆರರಿಂದ ಒಂಬತ್ತರವರೆಗಿನ ಮಕ್ಕಳಿಗೆ ಮೆಟ್ಟಿಲುಗಳ ಬೆಟ್ಟ ಹಿತವಾದುದು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎಣಿಸುತ್ತ ಹತ್ತುವುದೇ ಅವರಿಗೊಂದು ಆಟ. ನಡುದಾರಿಯಲ್ಲಿ ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ, ಅಂದರೆ 1659 ಮತ್ತು 1673ರ ನಡುವೆ, ಕಡೆದ ಬೃಹತ್ ನಂದಿಯು ಕಾದಿರುತ್ತದೆ. ದಣಿದ ಅಜ್ಜನಿಗೆ ಅಲ್ಲಿ ಕುಳಿತುಕೊಳ್ಳಲು ಒಳ್ಳೆಯ ನೆಪವೂ ದೊರೆಯುತ್ತದೆ. ತುಮಕೂರು ದಾರಿಯ ಶಿವಗಂಗೆ, ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟಗಳೂ ಈ ವಯಸ್ಸಿಗೆ ಒಗ್ಗುತ್ತವೆ. ನಂದಿಯ ಮೇಲೆ ನಿಂತು, ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಈ ಬೆಟ್ಟಸಾಲಿನಲ್ಲಿಯೇ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಹರಿದವೆಂದು ಕೈತೋರಿಸಿ ಹೇಳಿದರೆ ನಾಡಿನ ಭೂಪಟವು ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ.

ಹತ್ತು ದಾಟಿದವರನ್ನು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಕರೆದೊಯ್ಯಿರಿ. ಸುಮಾರು 1,930 ಮೀಟರ್ ಎತ್ತರದ ಇದು ಕರ್ನಾಟಕದ ಅತ್ಯುನ್ನತ ಶಿಖರ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆಯು ಸುಮಾರು ಆರು ಡಿಗ್ರಿಗಳಷ್ಟು ಇಳಿಯುತ್ತದೆಂಬ ಪಾಠವನ್ನು ಅಲ್ಲಿನ ಗಾಳಿಯೇ ಕಲಿಸುತ್ತದೆ. ರಸ್ತೆಯು ಬಹು ಎತ್ತರದವರೆಗೆ ಇರುವುದರಿಂದ ಹಿರಿಯರು ಕೊನೆಯ ಹಾದಿಯನ್ನು ಮಾತ್ರ ನಡೆಯಬಹುದು. ಮಕ್ಕಳು ಸಂಗಡಿಗರೊಡನೆ ಶಿಖರಕ್ಕೆ ಹೋಗಿ ಬರುವವರೆಗೆ ಅಜ್ಜ ಕೆಳಗೆ ಕುಳಿತಿದ್ದರೂ ಕೊರತೆಯಿಲ್ಲ. ಮೇಲೆ ಕಂಡದ್ದನ್ನು ಓಡಿಬಂದು ಹೇಳಲು ಒಬ್ಬರು ಕಾದಿರುವುದು ಮಕ್ಕಳಿಗೆ ದೊಡ್ಡ ಸಂತೋಷ.

ಪ್ರಶ್ನೆಗೆ ಕಿವಿಗೊಡುವುದು

ಮಗುವಿನ ಎಲ್ಲ ಪ್ರಶ್ನೆಗಳಿಗೂ ಉತ್ತರ ಗೊತ್ತಿರಬೇಕೆಂಬ ಭಯ ಬೇಡ. ಪಕ್ಷಿವಿಜ್ಞಾನಿ ಡಾ. ಸಲೀಂ ಅಲಿಯವರ ಬಾಲ್ಯವೇ ಇದಕ್ಕೆ ನಿದರ್ಶನ. 1896ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆ-ತಾಯಿಯರನ್ನು ಕಳೆದುಕೊಂಡ ಅವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಸುಮಾರು ಹತ್ತು ವರ್ಷದವರಿದ್ದಾಗ ಕತ್ತಿನ ಬಳಿ ಹಳದಿ ಬಣ್ಣವಿದ್ದ ಗುಬ್ಬಿಯಂಥ ಹಕ್ಕಿಯೊಂದನ್ನು ತಂದು ಇದೇನೆಂದು ಕೇಳಿದರು. ಮಾವನಿಗೆ ಅದು ಗೊತ್ತಿರಲಿಲ್ಲ. 'ಹೋಗಿ ಓದಿಕೊ' ಎಂದು ಗದರದೆ, ಅವರು ಬಾಲಕನನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಪರಿಚಯಪತ್ರ ಕೊಟ್ಟು ಕಳುಹಿಸಿದರು. ಅಲ್ಲಿ ತೆರೆದುಕೊಂಡ ಲೋಕವು ಆ ಬಾಲಕನನ್ನು ಜಗದ್ವಿಖ್ಯಾತ ವಿಜ್ಞಾನಿಯನ್ನಾಗಿ ಮಾಡಿತು. ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ಮುಂದೆ ಅವರೇ ನಡೆಸಿದರು. ಮನೆಯ ಹಿರಿಯರೊಬ್ಬರು ಮಗುವಿನ ಪ್ರಶ್ನೆಯನ್ನು ಗೌರವಿಸಿದ್ದರ ಫಲವಿದು.

ಆದುದರಿಂದ ಒಂದು ಪುಟ್ಟ ಪುಸ್ತಕ, ಒಂದು ಸೀಸದ ಕಡ್ಡಿ ಜೊತೆಗಿರಲಿ. ಕಂಡದ್ದನ್ನು ಮಗುವು ಬರೆಯಲಿ, ಚಿತ್ರಿಸಲಿ. ತಿಳಿಯದ್ದನ್ನು ಮನೆಗೆ ಬಂದು ಇಬ್ಬರೂ ಕೂಡಿ ಹುಡುಕಿರಿ. ಮಕ್ಕಳು ಮೊಬೈಲಿನಲ್ಲಿ ಹಕ್ಕಿಯ ಹೆಸರನ್ನು ಹುಡುಕಿ ಅಜ್ಜನಿಗೆ ಹೇಳಿಕೊಡುವ ಸಂದರ್ಭವೂ ಬರುತ್ತದೆ. ಅಂಥ ಹೊತ್ತಿನಲ್ಲಿ ಶಿಷ್ಯನಾಗಲು ಅಜ್ಜನು ನಾಚಬಾರದು.

ಎಚ್ಚರಿಕೆಯ ಮಾತುಗಳು

ಸೂರ್ಯೋದಯದ ಹೊತ್ತಿಗೆ ಹೊರಟು ಬಿಸಿಲೇರುವ ಮುನ್ನ ಇಳಿಯುವುದು ಉತ್ತಮ. ಎಷ್ಟೇ ದೂರ ಉಳಿದಿದ್ದರೂ ನಿಗದಿಯಾದ ಹೊತ್ತಿಗೆ ಹಿಂದಿರುಗಬೇಕೆಂಬ ನಿಯಮವನ್ನು ಹೊರಡುವಾಗಲೇ ಮಕ್ಕಳಿಗೆ ತಿಳಿಸಿರಿ. ನೀರು, ಬೆಲ್ಲ-ಶೇಂಗಾ, ಟೋಪಿ, ಮುಚ್ಚಿದ ಪಾದರಕ್ಷೆ ಇರಲಿ. ಮಗುವಿನ ಬೆನ್ನಿನ ಹೊರೆಯು ಅದರ ತೂಕದ ಹತ್ತರಲ್ಲೊಂದು ಭಾಗವನ್ನು ಮೀರದಿರಲಿ. ಹಿರಿಯರು ಊರುಗೋಲನ್ನು ಹಿಡಿಯಲು ಸಂಕೋಚಪಡಬಾರದು; ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದರಲ್ಲಿಯೇ ಭಾರ ಹೆಚ್ಚು. ಹೃದಯದ ತೊಂದರೆ, ರಕ್ತದೊತ್ತಡ ಉಳ್ಳವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ಕಿಸೆಯಲ್ಲಿ ಸಿಹಿಯನ್ನು ಇಟ್ಟುಕೊಂಡಿರಬೇಕು.

ಹಾವಿನ ಭಯದಿಂದ ಬೆಟ್ಟವನ್ನೇ ಬಿಡಬೇಕಾಗಿಲ್ಲ. ಕಾಣದ ಸಂದಿಗೆ ಕೈ ಹಾಕದಿರುವುದು, ನೋಡಿ ಹೆಜ್ಜೆ ಇಡುವುದು ಸಾಕು. ಒಂದು ವೇಳೆ ಕಚ್ಚಿದರೆ ಹಳೆಯ ಕಾಲದಂತೆ ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು ಯಾವುದನ್ನೂ ಮಾಡಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ, ಧೈರ್ಯ ಹೇಳುತ್ತ, ಪ್ರತಿವಿಷದ ಸೌಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಮಲೆನಾಡಿನಲ್ಲಿ ಮಳೆಗಾಲದ ಇಂಬಳಕ್ಕೆ ಉಪ್ಪಿದೆ. ಆದರೆ ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗುಗಳ ಮೂಲಕ ಹರಡುವ ಮಂಗನ ಕಾಯಿಲೆಯ ವಿಷಯದಲ್ಲಿ ಎಚ್ಚರ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅಡವಿಯಲ್ಲಿ ಮೊದಲು ಪತ್ತೆಯಾದ ಈ ರೋಗವು ಇರುವೆಡೆಗೆ ಆ ತಿಂಗಳುಗಳಲ್ಲಿ ಮಕ್ಕಳನ್ನು ಕರೆದೊಯ್ಯಬಾರದು. ಮಂಗ ಸತ್ತುಬಿದ್ದ ಜಾಗದ ಸಮೀಪಕ್ಕೂ ಸುಳಿಯಬಾರದು.

ಅರಣ್ಯ ಇಲಾಖೆಯ ನಿಯಮಗಳನ್ನು ಪಾಲಿಸುವುದನ್ನೂ ಮಕ್ಕಳ ಎದುರಿನಲ್ಲಿಯೇ ರೂಢಿಸಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಮಯದಲ್ಲಿ ಭಾರಿ ಜನಸಂದಣಿ ನುಗ್ಗಿದ ಬಳಿಕ ರಾಜ್ಯದ ಚಾರಣ ಹಾದಿಗಳಿಗೆ ಮುಂಗಡ ನೋಂದಣಿಯ ಮತ್ತು ಜನರ ಸಂಖ್ಯೆಗೆ ಮಿತಿಯ ಕ್ರಮ ಬಂದಿದೆ. ಹೊರಡುವ ಮುನ್ನ ಅನುಮತಿಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಬ್ಬರಿಗೂ ಹಿತ

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ಹಿರಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಕಣ್ಣಿಗೂ ಹೊರಾಂಗಣವು ರಕ್ಷೆ. ಚಿಕ್ಕ ವಯಸ್ಸಿನಲ್ಲಿಯೇ ಕನ್ನಡಕ ಬರುವುದನ್ನು ತಡೆಯಲು ತೈವಾನ್ ದೇಶವು 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿನ ಬೆಳಕಿನಲ್ಲಿ ಇರಿಸುವ ಕಾರ್ಯಕ್ರಮವನ್ನು ಕೈಗೊಂಡು ಉತ್ತಮ ಫಲವನ್ನು ಕಂಡಿದೆ. ಮುಂಜಾನೆಯ ಒಂದು ನಡಿಗೆಯಿಂದ ಅಜ್ಜನ ಸಕ್ಕರೆಯೂ ಮೊಮ್ಮಗಳ ಕಣ್ಣೂ ಹಿಡಿತದಲ್ಲಿರುವುದಾದರೆ ಇದಕ್ಕಿಂತ ಅಗ್ಗದ ಔಷಧ ಬೇರೆ ಯಾವುದಿದೆ?

ಮೊಮ್ಮಕ್ಕಳು ದೂರದ ನಗರಗಳಲ್ಲಿ, ಪರದೇಶಗಳಲ್ಲಿ ಇರುವ ಮನೆಗಳೂ ಈಗ ಬಹಳ. ಅವರು ವರ್ಷಕ್ಕೊಮ್ಮೆ ಹದಿನೈದು ದಿನಕ್ಕೆ ಬಂದಾಗ ಆ ದಿನಗಳೆಲ್ಲ ಮದುವೆ, ಮುಂಜಾವಿನ ಉಪಚಾರ, ಬಟ್ಟೆಯಂಗಡಿಗಳಲ್ಲಿಯೇ ಕಳೆದುಹೋಗುತ್ತವೆ. ಅದರಲ್ಲಿ ಒಂದೇ ಒಂದು ಬೆಳಗನ್ನು ಬೆಟ್ಟಕ್ಕಾಗಿ ಮೀಸಲಿಡಿರಿ. ಪ್ರತಿ ವರ್ಷವೂ ಅದೇ ಬೆಟ್ಟಕ್ಕೆ ಹೋಗಿರಿ. ಕಳೆದ ಸಲ ಕೂತ ಬಂಡೆಯನ್ನು ಮಗುವು ತಾನಾಗಿಯೇ ಗುರುತಿಸಿ ಓಡಿಹೋದ ದಿನ ಆ ಬೆಟ್ಟವು ಅದರದಾಯಿತೆಂದು ತಿಳಿಯಬಹುದು. ಉಳಿದ ದಿನಗಳಲ್ಲಿ ದೂರವಾಣಿಯ ಮೂಲಕ ಮಾತನಾಡುವಾಗ 'ಊಟವಾಯಿತೆ' ಎಂಬ ಪ್ರಶ್ನೆಯ ಜೊತೆಗೆ 'ನಿಮ್ಮ ಊರಿನ ಮರಗಳು ಎಲೆ ಉದುರಿಸಿದವೆ, ಈ ವಾರ ಯಾವ ಹಕ್ಕಿ ಕಂಡಿತು' ಎಂಬ ಪ್ರಶ್ನೆಯೂ ಇರಲಿ.

ಹೊಲ, ಮನೆ, ಒಡವೆಗಳನ್ನು ಮಕ್ಕಳಿಗೆ ಬಿಟ್ಟುಹೋಗಲು ನಾವು ಬಹುಕಾಲ ಶ್ರಮಿಸುತ್ತೇವೆ. ಅವುಗಳನ್ನು ಪಾಲು ಮಾಡಬೇಕಾಗುತ್ತದೆ. ಕೆಲವೊಮ್ಮೆ ಅವು ಕಲಹಕ್ಕೂ ಕಾರಣವಾಗುತ್ತವೆ. ಒಂದು ಗುಡ್ಡದ ಮೇಲಿನ ಅಕ್ಕರೆಯನ್ನು ಐವರು ಮೊಮ್ಮಕ್ಕಳಿಗೆ ಕೊಟ್ಟರೂ ಒಬ್ಬೊಬ್ಬರಿಗೂ ಅದು ಪೂರ್ತಿಯಾಗಿಯೇ ದೊರೆಯುತ್ತದೆ. ಬರುವ ರಜೆಯಲ್ಲಿ ನಿಮ್ಮ ಊರಿನ ಸಮೀಪದ ಗುಡ್ಡವೊಂದನ್ನು ಆರಿಸಿಕೊಳ್ಳಿರಿ. ಹಿಂದಿನ ರಾತ್ರಿಯೇ ಬುತ್ತಿಗೆ ರೊಟ್ಟಿ ಬಡಿಯಿರಿ, ಬೆಳಗಾಗುವ ಮುನ್ನ ಮಕ್ಕಳನ್ನು ಎಬ್ಬಿಸಿರಿ. ಮುಂದಿನ ದಾರಿಯನ್ನು ಅವರ ಪುಟ್ಟ ಕಾಲುಗಳೇ ಕಂಡುಕೊಳ್ಳುತ್ತವೆ.